ಬಾಗಿಲು ನೋಡದೆ ತುಂಬಿದ ಚೀಲ

ಬೇಸಿಗೆಯ ನಡುಭಾಗ. ಕಟಾವಾದ ಹೊಲಗಳಲ್ಲಿ ಕೂಳೆ ಒಣಗಿ ನಿಂತಿದೆ. ಹಗಲೆಲ್ಲ ಕಾದ ಗೋಡೆಗಳು ಬೆಳಗಿನ ಜಾವಕ್ಕೂ ಬೆಚ್ಚಗೇ ಇವೆ. ಕರೆಂಟು ಪಾಳಿಯ ಮೇಲೆ ಬರುವ ದಿನಗಳಿವು. ಈ ಬೀದಿಗೆ ಈ ವಾರ ಬೆಳಗಿನ ಐದರಿಂದ ಹನ್ನೊಂದು. ಐದಕ್ಕೆ ಇನ್ನೂ ಏಳು ನಿಮಿಷವಿದೆ. ಹಿಂದೆ ಕಾಳು ತುಂಬಿಡುತ್ತಿದ್ದ, ಒಂದು ಗವಾಕ್ಷಿ ಬಿಟ್ಟರೆ ಗಾಳಿಗೆ ಬೇರೆ ದಾರಿಯಿಲ್ಲದ ಕೋಣೆಯಲ್ಲಿ ಇಬ್ಬರು ಹೆಂಗಸರು ನೆಲದ ಮೇಲೆ ಕೂತಿದ್ದಾರೆ. ಅವರ ನಡುವೆ ಮಣೆಯ ಮೇಲೆ ಬೂದು ಬಣ್ಣದ ತಗಡಿನ ಪೆಟ್ಟಿಗೆ. ಒಬ್ಬರ ಕೈಯಲ್ಲಿ ಟಾರ್ಚಿದೆ. ಇನ್ನೊಬ್ಬರಿಗೆ ಟಾರ್ಚಿನ ಹಂಗಿಲ್ಲ. ಅವರು ಹುಟ್ಟು ಕುರುಡಿ. ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಜ್ವರದ ಮಗುವಿನ ಎದೆ ನೋಡುವವರಂತೆ ತಲೆ ಓರೆಮಾಡಿಕೊಂಡು ಕೂತಿದ್ದಾರೆ.

ಟಾರ್ಚು ಹಿಡಿದವರು ಚೀಟಿಯಮ್ಮ. ವಯಸ್ಸು ಐವತ್ತಾರು. ಪೆಟ್ಟಿಗೆ ಮುಟ್ಟಿಕೊಂಡು ಕೂತವರು ಅವರ ಅಕ್ಕ, ಐದು ವರ್ಷ ದೊಡ್ಡವರು.

ನಿನ್ನೆ ಹತ್ತೂಮುಕ್ಕಾಲಿಗೆ, ಕರೆಂಟು ಹೋಗುವುದಕ್ಕೆ ಕಾಲು ಗಂಟೆ ಮೊದಲು, ಈ ಕೋಣೆಯ ಮುಂದೆ ಹಾದುಹೋಗುತ್ತಿದ್ದ ಅಕ್ಕ ಬಾಗಿಲ ಹತ್ತಿರ ನಿಂತುಬಿಟ್ಟರು. "ಒಳಗೆ ಯಾರೋ ಉಗುರಲ್ಲಿ ತಗಡು ಗೀರ್ತಿದಾರೆ ಕಣೇ" ಎಂದರು. ತಂಗಿಗೆ ಏನೂ ಕೇಳಿಸಲಿಲ್ಲ. ಇಲಿ ಇರಬೇಕು ಎಂದುಕೊಂಡರು. ಅಕ್ಕ ಬಿಡಲಿಲ್ಲ. ಪೆಟ್ಟಿಗೆಗೆ ಕಿವಿ ಹಚ್ಚಿದಾಗ ಚೀಟಿಯಮ್ಮನಿಗೂ ಕೇಳಿಸಿತು: ಒಂದು ಸಣ್ಣ ಟಿಕ್, ಸ್ವಲ್ಪ ಸುಮ್ಮನೆ, ಮತ್ತೆ ಟಿಕ್. ಆ ಸದ್ದಿನ ಅರ್ಥ ಅವರಿಗೆ ಗೊತ್ತು. ಒಳಗಿನ ಡಿಸ್ಕು ಸಾಯಲು ಶುರುಮಾಡಿದೆ. ಏನಾದರೂ ಮಾಡೋಣ ಎನ್ನುವಷ್ಟರಲ್ಲಿ ಹನ್ನೊಂದಾಯಿತು, ಕರೆಂಟು ಹೋಯಿತು. ಇಂಥ ಡಿಸ್ಕು ಒಮ್ಮೆ ನಿಂತರೆ ಮತ್ತೆ ಏಳುತ್ತದೆ ಎಂಬ ಭರವಸೆ ಇಲ್ಲ. ಎದ್ದರೂ ಅದೇ ಕೊನೆಯ ಸಲ ಇರಬಹುದು.

"ರಾತ್ರಿ ಪೂರ್ತಿ ನನಗೆ ಅದರದ್ದೇ ಲೆಕ್ಕ. ಎದ್ದರೆ ಆರು ಗಂಟೆ ಸಿಗುತ್ತೆ. ಆರೇ ಗಂಟೆ" ಎನ್ನುತ್ತಾರೆ ಚೀಟಿಯಮ್ಮ.

ಆ ಪೆಟ್ಟಿಗೆಯಲ್ಲಿರುವುದು ದನಿಗಳು. ಎರಡು ಸಾವಿರದ ಇನ್ನೂರು ಗಂಟೆಗಳಷ್ಟು. ಇಲ್ಲಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿಯಲ್ಲಿ ಕಣ್ಣು ಕಾಣದ ಮಕ್ಕಳ ಹಾಸ್ಟೆಲ್ಲಿದೆ. ನಲವತ್ತಾರು ಮಕ್ಕಳು. ಅವರ ಪಾಠಪುಸ್ತಕಗಳನ್ನೆಲ್ಲ ಗಟ್ಟಿಯಾಗಿ ಓದಿ, ರೆಕಾರ್ಡು ಮಾಡಿ, ಸಣ್ಣ ಪ್ಲೇಯರುಗಳಿಗೆ ತುಂಬಿ ಕಳಿಸುವುದು ಹದಿನಾಲ್ಕು ವರ್ಷದಿಂದ ಈ ಮನೆಯ ಕೆಲಸ. ಓದಲು ಬರುವವರು ಊರಿನವರೇ. ನಿವೃತ್ತ ಪೋಸ್ಟ್‌ಮ್ಯಾನ್ ಚರಿತ್ರೆ ಓದುತ್ತಾರೆ, ನರ್ಸಮ್ಮ ವಿಜ್ಞಾನ ಓದುತ್ತಾರೆ. ಪ್ಲೇಯರುಗಳಲ್ಲಿ ಜಾಗ ಕಡಿಮೆ. ಒಂದು ಪಾಠ ಮುಗಿದರೆ ಅಳಿಸಿ ಇನ್ನೊಂದು ತುಂಬಬೇಕು. ಮೂಲ ಇರುವುದು ಕಾಳಿನ ಕೋಣೆಯ ಈ ಪೆಟ್ಟಿಗೆಯಲ್ಲಿ, ಅಂದರೆ ಸರ್ವರಿನಲ್ಲಿ ಮಾತ್ರ.

ಅದರಲ್ಲಿ ನೂರೆಂಬತ್ತು ಗಂಟೆ ಲೆಕ್ಕದ ಮೇಷ್ಟ್ರದ್ದು. ಮೇಷ್ಟ್ರು ಬೇರೆಯವರಂತೆ ಪುಸ್ತಕ ಓದಿ ಎದ್ದುಹೋದವರಲ್ಲ. ಚಿತ್ರ ಬಂದ ಕಡೆ ಪುಸ್ತಕ ಮುಚ್ಚಿ, "ಎಡಗೈ ಮೇಜಿನ ಮೇಲೆ ಚಾಚು. ಹೆಬ್ಬೆಟ್ಟು ಕೇಂದ್ರ ಅಂದ್ಕೋ. ಈಗ ಕಿರುಬೆರಳನ್ನ ಸುತ್ತಿಸು" ಎಂದು ಮಕ್ಕಳ ಕೈಯಲ್ಲೇ ವೃತ್ತ ಬರೆಸಿದವರು. ಹೋದ ವರ್ಷ ತೀರಿಕೊಂಡರು. ಮಕ್ಕಳಿಗೆ ಇನ್ನು ಒಂಬತ್ತು ದಿನಕ್ಕೆ ಲೆಕ್ಕದ ಪರೀಕ್ಷೆ. ಈ ವಾರವೇ ಪ್ಲೇಯರುಗಳಿಗೆ ಲೆಕ್ಕ ತುಂಬಬೇಕಿತ್ತು.

ಹಾಗಾದರೆ ಇನ್ನೊಂದು ಪ್ರತಿ ಯಾಕಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಕೇಳುವ ಮೊದಲೇ ಚೀಟಿಯಮ್ಮ ಹೇಳಿಬಿಡುತ್ತಾರೆ. ಪಡಸಾಲೆಯಲ್ಲಿ, ರೆಕಾರ್ಡು ಮಾಡುವ ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿ ನಾಲ್ಕು ತಿಂಗಳಾಗಿದೆ. ಅದು ಖಾಲಿಯಾಗಿಯೇ ಕೂತಿದೆ. ಇಲ್ಲಿಂದ ಅಲ್ಲಿಗೆ ಎಲ್ಲ ಸಾಗಿಸಲು ಒಂದೂವರೆ ದಿನ ಬೇಕು ಎಂದು ತೋರಿಸುತ್ತಿತ್ತು. ಅಷ್ಟು ಹೊತ್ತು ಒಂದೇ ಸಮ ಕರೆಂಟು ಯಾವಾಗ ಇರುತ್ತದೆ? ಮಳೆ ಬರಲಿ, ಪಾಳಿ ಮುಗಿಯಲಿ ಎಂದು ಮುಂದೂಡಿದರು. "ನನ್ನದೇ ತಪ್ಪು. ನಿಧಾನ ಇದೆ ಅಂತ ಗೊತ್ತಿತ್ತು. ಯಾಕೆ ನಿಧಾನ ಅಂತ ಒಂದಿನವೂ ಕೂತು ನೋಡಲಿಲ್ಲ."

ಐದಕ್ಕೆ ಬೀದಿದೀಪ ಹತ್ತುತ್ತದೆ. ಚೀಟಿಯಮ್ಮ ಗುಂಡಿ ಒತ್ತುತ್ತಾರೆ. ಪೆಟ್ಟಿಗೆ ಗುಂಯ್ ಎನ್ನುತ್ತದೆ, ತಡೆಯುತ್ತದೆ, ಟಿಕ್ ಎನ್ನುತ್ತದೆ. ಮತ್ತೊಂದು ಟಿಕ್. ಅಕ್ಕನ ಇನ್ನೊಂದು ಕೈ ತಂಗಿಯ ಮೊಣಕಾಲ ಮೇಲೆ ಬರುತ್ತದೆ. ಮೂರನೆಯದಕ್ಕೆ ಸದ್ದು ಏರುತ್ತದೆ, ನಿಲ್ಲದೆ ಏರುತ್ತದೆ, ಕೊನೆಗೆ ಒಂದೇ ಶ್ರುತಿಗೆ ಬಂದು ಕೂರುತ್ತದೆ.

"ಎದ್ದಿದೆ. ಮಂಡಿ ನೋವಿದೆ ಅದಕ್ಕೆ" ಎನ್ನುತ್ತಾರೆ ಅಕ್ಕ.

ಮೊದಲು ಏನು ಸಾಗಿಸಬೇಕು ಎಂಬುದು ರಾತ್ರಿಯೇ ತೀರ್ಮಾನವಾಗಿದೆ. ಮೊದಲು ಮೇಷ್ಟ್ರ ಲೆಕ್ಕ. ಆಮೇಲೆ ಉಳಿದ ಪಾಠಗಳು, ಆಮೇಲೆ ಕತೆ, ಕಾದಂಬರಿ. ಎಲ್ಲಕ್ಕಿಂತ ಕೊನೆಗೆ 'ಅಕ್ಕಂದು' ಎಂಬ ಹೆಸರಿನ ಒಂದು ಕಡತ. ಅದರಲ್ಲಿ ಚೀಟಿಯಮ್ಮ ಮೊಟ್ಟಮೊದಲು ಓದಿ ರೆಕಾರ್ಡು ಮಾಡಿದ ಪುಸ್ತಕವಿದೆ. ದಪ್ಪನೆಯ ಕಾದಂಬರಿ, ನಲವತ್ತೊಂದು ಗಂಟೆ. ಹಾಸ್ಟೆಲ್ಲಿಗಾಗಿ ಓದಿದ್ದಲ್ಲ, ಅಕ್ಕ ಒಬ್ಬರಿಗಾಗಿ ಓದಿದ್ದು. ಅಕ್ಕ ಇವತ್ತಿಗೂ ದಿನಾ, ಕರೆಂಟಿರುವ ಹೊತ್ತಿನಲ್ಲಿ, ಅದರಲ್ಲಿ ಅರ್ಧ ಗಂಟೆ ಕೇಳುತ್ತಾರೆ. ಅದನ್ನು ಎರಡನೆಯದಾಗಿ ಕಳಿಸುತ್ತೇನೆ ಎಂದು ತಂಗಿ ಹಟ ಹಿಡಿದಿದ್ದರು. ಅಕ್ಕ ಒಪ್ಪಲಿಲ್ಲ. ಧಾನ್ಯದ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಏನು ಕಲಿತೆ, ಊರವರ ಸರಕು ಹೋದ ಮೇಲೆ ತಾನೇ ಮನೆಯವರದ್ದು ಎಂದು ಕೇಳಿದರು. ತಂಗಿ ಅದನ್ನು ಪಟ್ಟಿಯ ಕೊನೆಗೇ ಬರೆದರು.

ಸಾಗಣೆ ಶುರುವಾಗುತ್ತದೆ. ಪಡಸಾಲೆಯ ಪರದೆಯ ಮೇಲೆ ಅಂಕಿ ಮೂಡುತ್ತದೆ: ಸೆಕೆಂಡಿಗೆ ಹನ್ನೊಂದು ಎಂ.ಬಿ. ಒಟ್ಟು ಹೋಗಬೇಕಾದದ್ದು ಸಾವಿರದ ನಾನೂರು ಜಿ.ಬಿ. ಬೇಕಾದ ಸಮಯ: ಮೂವತ್ತೈದು ಗಂಟೆ. ಇರುವುದು ಆರು.

ಚೀಟಿಯಮ್ಮ ಯಾವ ಕಾಲೇಜಿಗೂ ಹೋದವರಲ್ಲ. ಊರಾಚೆ ಈಗ ಬೀಗ ಬಿದ್ದಿರುವ ಧಾನ್ಯದ ಗೋದಾಮಿನಲ್ಲಿ ಚೀಟಿ ಕೊಡುವ ಕೆಲಸದಲ್ಲಿದ್ದರು. ಹಮಾಲಿಗಳು ಲಾರಿಯಿಂದ ಚೀಲ ಹೊತ್ತು ಒಳಗೆ ಬರುತ್ತಾರೆ. ಒಂದು ಚೀಲ ಇಳಿಸಿದರೆ ಒಂದು ಚೀಟಿ. ಆ ಚೀಟಿ ತೋರಿಸಿದರೆ ಲಾರಿಯವನು ಮುಂದಿನ ಚೀಲ ಬೆನ್ನಿಗೆ ಹೊರಿಸುತ್ತಾನೆ. ಚೀಲ ಕಳೆದುಹೋಯಿತೆಂಬ ಮಾತೇ ಬರಬಾರದು, ಅದಕ್ಕೆ ಈ ಕಟ್ಟಳೆ. ಇಪ್ಪತ್ತೆರಡು ವರ್ಷ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಚೀಟಿ ಹರಿದುಕೊಟ್ಟ ಇವರ ನಿಜವಾದ ಹೆಸರು ಊರಿನಲ್ಲಿ ಅಳಿದೇಹೋಯಿತು. ಗೋದಾಮಿಗೆ ತೂಕದ ಕಂಪ್ಯೂಟರು ಬಂದಾಗ ಮುಟ್ಟಲು ಎಲ್ಲರೂ ಹೆದರಿದರು. ಇವರು ಮುಟ್ಟಿದರು. ಕೆಟ್ಟಾಗ ರಿಪೇರಿಯವನ ಪಕ್ಕ ನಿಂತು ನೋಡಿದರು, ಆಮೇಲೆ ಅವನನ್ನು ಕರೆಯುವುದನ್ನೇ ಬಿಟ್ಟರು. ಗೋದಾಮು ಮುಚ್ಚಿದಾಗ ಗುಜರಿಗೆ ಹೋಗುತ್ತಿದ್ದ ಯಂತ್ರವನ್ನು ಮನೆಗೆ ತಂದರು. ಈಗ ಮಣೆಯ ಮೇಲಿರುವುದು ಅದೇ.

ಅದಕ್ಕೆ ಡಿಸ್ಕು ಇಡುವ ಜಾಗ ಒಂದೇ. ಪಕ್ಕದಲ್ಲಿ ಬೇರೆ ಡಿಸ್ಕು ಚುಚ್ಚುವ ಕಿಂಡಿಗಳು ಹೋದ ಮಳೆಗಾಲದ ಸಿಡಿಲಿಗೆ ಸುಟ್ಟಿವೆ. ಡಿಸ್ಕನ್ನೇ ಬಿಚ್ಚಿ ಪಡಸಾಲೆಗೆ ಒಯ್ಯೋಣವೆಂದರೆ ಪೆಟ್ಟಿಗೆ ಆರಿಸಬೇಕು. ಆರಿಸಿದರೆ ಅದು ಮತ್ತೆ ಏಳದಿರಬಹುದು. ಹೊರಗೆ ಬರಲು ಉಳಿದಿರುವುದು ಒಂದೇ ದಾರಿ. ಕಾಳಿನ ಕೋಣೆಯಿಂದ ಹೊರಟು, ಹೊಸಿಲು ದಾಟಿ, ನಡುಮನೆಯ ಗೂಡಿನಲ್ಲಿರುವ ಒಂದು ಸಣ್ಣ ಡಬ್ಬಿಯನ್ನು ಹಾದು, ಪಡಸಾಲೆಗೆ ಹೋಗುವ ನೀಲಿ ವೈರು. ಆ ಡಬ್ಬಿಗೆ ಅಂಗಡಿಯವರು ಸ್ವಿಚ್ ಎನ್ನುತ್ತಾರೆ. ಈ ಮನೆಯಲ್ಲಿ ಅದು ಕವಲು ಡಬ್ಬಿ.

ಚೀಟಿಯಮ್ಮ ಮೊದಲು ಹೋಗಿ ನೋಡುವುದು ಆ ಡಬ್ಬಿಯನ್ನು. ಪಡಸಾಲೆ ಕಡೆಯ ದೀಪ ಹಸಿರು, ಕಾಳಿನ ಕೋಣೆ ಕಡೆಯದು ಹಳದಿ. ವೈರಿನ ಒಳಗೆ ಎಂಟು ಎಳೆಗಳಿರುತ್ತವೆ, ಎಂಟೂ ಸರಿಯಿದ್ದರೆ ಹಸಿರು; ಒಂದು ತುಂಡಾದರೂ ಯಂತ್ರಗಳು ನಾಲ್ಕೇ ಎಳೆಯಲ್ಲಿ ಕುಂಟುತ್ತ ನಡೆಯುತ್ತವೆ, ಹತ್ತರಲ್ಲಿ ಒಂದು ಪಾಲು ವೇಗದಲ್ಲಿ. ವೈರನ್ನು ಬೆರಳ ನಡುವೆ ಹಿಡಿದು ಗೋಡೆಗುಂಟ ಬರುತ್ತಾರೆ. ಕಾಳಿನ ಕೋಣೆಯ ಹೊಸಿಲ ಬಳಿ ಬೆರಳು ನಿಲ್ಲುತ್ತದೆ. ಅಲ್ಲಿ ವೈರು ಚಪ್ಪಟೆಯಾಗಿದೆ. ಇಲಿ ಬರಬಾರದೆಂದು ಪ್ರತಿ ಸಂಜೆ ಬಾಗಿಲನ್ನು ಒದ್ದು ಮುಚ್ಚುವುದು ಅಕ್ಕನ ಅಭ್ಯಾಸ.

"ಇಲಿಗೆ ಹೆದರಿ ನೀನೇ ಕಚ್ಚಿದೀಯಲ್ಲಕ್ಕಾ."

"ಹೊಸಿಲ ಮೇಲೆ ವೈರು ಹಾಕಿದೋರು ಯಾರು? ಕಣ್ಣಿರೋರು" ಎನ್ನುತ್ತಾರೆ ಅಕ್ಕ, ಪೆಟ್ಟಿಗೆಯಿಂದ ಕೈ ತೆಗೆಯದೆ.

ಗೋಣಿಚೀಲಗಳ ರಾಶಿಯ ಹಿಂದೆ ಬೇರೊಂದು ವೈರಿನ ಸುರುಳಿಯಿದೆ. ಅದನ್ನು ಬಿಚ್ಚಿ, ಏಣಿ ಹಾಕಿ, ಗವಾಕ್ಷಿಯ ಮೂಲಕ ಎಳೆದು, ತುದಿಗೆ ಡಬ್ಬಿಗೆ ಚುಚ್ಚುವ ಹೊಸ ಮೂತಿ ಕಟ್ಟಬೇಕು. ಎಂಟು ಎಳೆಗಳನ್ನು ಬಣ್ಣದ ಸಾಲಿನಲ್ಲಿ ಜೋಡಿಸುವಾಗ ಚೀಟಿಯಮ್ಮ ಉಸಿರು ಬಿಗಿಹಿಡಿಯುತ್ತಾರೆ. ಚೀಲ ಹೊಲಿದು ಹೊಲಿದು ದಪ್ಪಗಾದ ಬೆರಳುಗಳು. ಹರಿದ ಗೋಣಿಚೀಲಗಳನ್ನು ಹೊಲಿದುಕೊಡುವುದೇ ಈಗ ಇವರ ಹೊಟ್ಟೆಪಾಡು, ದಿನಕ್ಕೆ ನೂರಿಪ್ಪತ್ತು ಚೀಲ. ಮೊದಲ ಮೂತಿ ಕೆಡುತ್ತದೆ. ಎರಡನೆಯದು ಕೂರುತ್ತದೆ. ಆರು ಗಂಟೆಗೆ ಕವಲು ಡಬ್ಬಿಯಲ್ಲಿ ಹಸಿರು ಬರುತ್ತದೆ.

ಅಂಕಿ ನಲವತ್ತಕ್ಕೆ ಏರುತ್ತದೆ. ಅಲ್ಲೇ ನಿಲ್ಲುತ್ತದೆ.

ನಲವತ್ತು ಎಂದರೆ ಹತ್ತು ಗಂಟೆ. ಉಳಿದಿರುವುದು ಐದು. ಪೆಟ್ಟಿಗೆಯ ಮೇಲೆ ಕೈಯಿಟ್ಟವರು ಆಗಾಗ ಸುದ್ದಿ ಕೊಡುತ್ತಾರೆ: ಈಗ ಸುಮ್ಮನಿದೆ. ಈಗ ಒಂದು ಟಿಕ್. ಈಗ ಬಿಸಿಯಾಗುತ್ತಿದೆ. ಮೊದಲ ಬಿಸಿಲು ಬೀದಿಗೆ ಬಿದ್ದಿದೆ. ಹಿತ್ತಲಿನ ಬೇಲಿಯಾಚೆ ಪಕ್ಕದ ಮನೆಯಾಕೆ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದಾಳೆ. ಅವರ ಮೋಟಾರು ಹಾಕಿದರೆ ಈ ಮನೆಯ ದೀಪ ಕುಸಿಯುತ್ತದೆ, ಅದಕ್ಕೇ ಇವತ್ತೊಂದು ದಿನ ಹಾಕಬೇಡಿ ಎಂದು ಚೀಟಿಯಮ್ಮ ನಿನ್ನೆ ಸಂಜೆ ಕೇಳಿಕೊಂಡು ಬಂದಿದ್ದರು. ನಿಮ್ಮ ಪೆಟ್ಟಿಗೆಗೆ ಹೆರಿಗೆ ಆಗುವ ತನಕ ನಮ್ಮ ಮನೆಯ ಪಾತ್ರೆ ಹಾಗೇ ಬಿದ್ದಿರಬೇಕೇನ್ರೀ ಎಂದು ಆಕೆ ಕೂಗುತ್ತಾಳೆ. ಆದರೂ ಕೊಡಗಳನ್ನೆತ್ತಿಕೊಂಡು ಬೀದಿ ಕೊನೆಯ ಕೈಪಂಪಿಗೆ ನಡೆಯುತ್ತಾಳೆ.

ನಲವತ್ತಕ್ಕೇ ಯಾಕೆ ನಿಲ್ಲುತ್ತದೆ? ಚೀಟಿಯಮ್ಮ ಪರದೆಯ ಮುಂದೆ ಕೂತು ನೆಟ್‌ವರ್ಕಿನ ಸೆಟ್ಟಿಂಗ್ ತೆರೆಯುತ್ತಾರೆ. ಅವರು ವಿವರಿಸುವ ಬಗೆಯಲ್ಲಿ ಹೇಳುವುದಾದರೆ, ಯಂತ್ರಗಳೂ ಗೋದಾಮಿನವೇ. ಈ ಕಡೆಯಿಂದ ಸರಕು ಚೀಲಚೀಲವಾಗಿ ಹೋಗುತ್ತದೆ, ಆ ಕಡೆಯಿಂದ ಮುಟ್ಟಿತು ಎಂದು ಚೀಟಿ ಬರುತ್ತದೆ. ಎಷ್ಟು ಚೀಲ ಕಳಿಸಿ ಚೀಟಿಗೆ ಕಾಯಬೇಕು ಎಂಬುದಕ್ಕೆ ಒಂದು ಮಿತಿಯಿದೆ. ಹಳೆಯ ಯಂತ್ರದಲ್ಲಿ ಆ ಮಿತಿ ಬಲು ಚಿಕ್ಕದು. "ನಾಲ್ಕು ಚೀಲ ಕಳಿಸಿ ಕೈಕಟ್ಟಿ ನಿಂತುಬಿಡುತ್ತೆ. ದಾರಿ ಖಾಲಿ, ಆಳು ಖಾಲಿ, ಚೀಟಿ ಬರಲಿಲ್ಲ ಅಂತ ನಿಂತಿದೆ. ನಾನೇ ಕಲಿಸಿದ ಬುದ್ಧಿ ಅದು, ನನಗೇ ತಿರುಗಿ ಬಂತು."

ಮಿತಿಯನ್ನು ದೊಡ್ಡದು ಮಾಡುತ್ತಾರೆ. ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೇ ಪುಟದಲ್ಲಿ, ಕೆಳಗೆ, ಒಂದೊಂದು ಚೀಲ ಎಷ್ಟು ದೊಡ್ಡದಿರಬೇಕು ಎನ್ನುವ ಅಂಕಿಯೂ ಕಾಣುತ್ತದೆ: ಸಾವಿರದೈನೂರು. ಒಂಬತ್ತು ಸಾವಿರದವರೆಗೂ ಹಾಕಬಹುದು ಎಂದಿದೆ. ಇಪ್ಪತ್ತೆರಡು ವರ್ಷ ಚೀಲ ಎಣಿಸಿದ ಕಣ್ಣಿಗೆ ಅದು ಸುಮ್ಮನೆ ಹಾದುಹೋಗುವ ಅಂಕಿಯಲ್ಲ. ಚೀಲ ದೊಡ್ಡದಾದರೆ ಓಡಾಟ ಕಡಿಮೆ, ಚೀಟಿಯೂ ಕಡಿಮೆ. ಎರಡೂ ಯಂತ್ರಗಳಲ್ಲಿ ಒಂಬತ್ತು ಸಾವಿರ ಹಾಕಿ, ಸಾಗಣೆಯನ್ನು ಮತ್ತೆ ಶುರುಮಾಡುತ್ತಾರೆ.

ಕಡತಗಳ ಹೆಸರುಗಳು ಸರಸರನೆ ಮೂಡುತ್ತವೆ. ಮೇಷ್ಟ್ರ ಪಾಠಗಳ ಪಟ್ಟಿ ಪೂರ್ತಿ ಕಾಣುತ್ತದೆ. ಸಣ್ಣದೊಂದು ಟಿಪ್ಪಣಿ ಹೋಗಿ ಮುಟ್ಟುತ್ತದೆ. ಆಮೇಲೆ ವೃತ್ತದ ಮೊದಲ ಪಾಠ ಹೊರಡುತ್ತದೆ, ಅಂಕಿ ಸೊನ್ನೆಯಾಗುತ್ತದೆ. ಹಾಗೆಯೇ ಉಳಿಯುತ್ತದೆ.

ಆರೂ ಮೂವತ್ತೈದು. ಆರೂ ಮುಕ್ಕಾಲು. ಚೀಟಿಯಮ್ಮ ನಿಲ್ಲಿಸಿ ಮತ್ತೆ ಶುರುಮಾಡುತ್ತಾರೆ. ಹೆಸರುಗಳು ಬರುತ್ತವೆ, ಪಾಠ ಬರುವುದಿಲ್ಲ. ಡಿಸ್ಕು ಹೋಯಿತು ಎಂದೇ ಅವರ ನಂಬಿಕೆ. ಹೆಸರಿನ ಪಟ್ಟಿ ಯಂತ್ರದ ನೆನಪಿನಲ್ಲಿ ಉಳಿದಿದ್ದರಿಂದ ಕಾಣಿಸುತ್ತಿದೆ, ಒಳಗಿನ ದನಿ ಸತ್ತಿದೆ. ಮೇಷ್ಟ್ರದ್ದು ಇನ್ನು ಹದಿನಾಲ್ಕು ಜಿ.ಬಿ. ಉಳಿದಿತ್ತು, ವೃತ್ತಗಳೆಲ್ಲ ಅದರಲ್ಲೇ ಇದ್ದವು. ಹಾಸ್ಟೆಲ್ಲಿನ ವಾರ್ಡನ್ ಎರಡು ಸಲ ಫೋನು ಮಾಡಿದ್ದಾರೆ. ಮೊದಲ ಸಲ ಎತ್ತಿ, ಆಗುತ್ತಿದೆ ಎಂದಿದ್ದರು. ಎರಡನೆಯ ಸಲ ಎತ್ತಲಿಲ್ಲ.

ಕಾಳಿನ ಕೋಣೆಯ ಬಾಗಿಲಿಗೆ ಬಂದು, ಮುಗೀತು ಅಕ್ಕ ಎನ್ನುತ್ತಾರೆ.

ಅಕ್ಕ ಇನ್ನಷ್ಟು ಬಗ್ಗಿ ಕಿವಿಯನ್ನೇ ತಗಡಿಗೆ ಹಚ್ಚುತ್ತಾರೆ.

"ಮುಗಿದಿಲ್ಲ. ಒಂದೇ ಸಮ ತಿರುಗ್ತಿದೆ, ಓದ್ತಾ ಇಲ್ಲ. ಓದುವಾಗ ಒಳಗೆ ಜೀರುಂಡೆ ಥರ ಕಿರಕಿರ ಇತ್ತು, ಈಗ ಅದಿಲ್ಲ. ಯಾರೂ ಏನೂ ಕೇಳ್ತಿಲ್ಲ ಅಂತ ಸುಮ್ನೆ ಕೂತಿದೆ ಕಣೇ. ನಿಂತಿರೋದು ಇದಲ್ಲ, ದಾರೀಲಿ ಏನೋ ನಿಂತಿದೆ."

ಚೀಟಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಡುಮನೆಯ ಗೂಡಿನತ್ತ ತಿರುಗಿ, ಕವಲು ಡಬ್ಬಿಯನ್ನು ನೋಡುತ್ತಾರೆ. ಗೋದಾಮಿನ ಒಂದು ಸುಗ್ಗಿ ನೆನಪಾಗಿದೆ. ಆ ವರ್ಷ ಓಡಾಟ ಕಡಿಮೆಯಾಗಲೆಂದು ಮಾಲೀಕರು ದೊಡ್ಡ ಚೀಲ ತರಿಸಿದ್ದರು. ಲಾರಿಯಲ್ಲಿ ಚೆನ್ನಾಗಿ ಕೂತವು, ಗೋದಾಮಿನ ಒಳಗೂ ಜಾಗವಿತ್ತು. ಆದರೆ ಎರಡರ ನಡುವೆ ಒಂದು ಕಿರುಬಾಗಿಲಿತ್ತು. ಊಟದ ಡಬ್ಬಿ ಹಿಡಿದವರು ಹೋದರು, ಪೊರಕೆ ಹಿಡಿದವರು ಹೋದರು, ಚೀಲ ಹೊತ್ತವನು ಮಾತ್ರ ಸಿಕ್ಕಿಕೊಂಡ. ಅವನ ಹಿಂದೆ ಹದಿನೆಂಟು ಜನ ಬಿಸಿಲಿನಲ್ಲಿ ನಿಂತರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ನೋಡಿದವರು ಇವರೇ.

"ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಬಾಗಿಲು ನೋಡಲೇ ಇಲ್ಲ. ಇಪ್ಪತ್ತೆರಡು ವರ್ಷ ಬಾಗಿಲಲ್ಲೇ ಕೂತೋಳು ನಾನು" ಎಂದು ಆಮೇಲೆ ಅವರು ಹೇಳುವಾಗ ನಗು ಬರುತ್ತದೆ. ಆ ಹೊತ್ತಿನಲ್ಲಿ ನಗಲಿಲ್ಲ. ಕವಲು ಡಬ್ಬಿ ಹನ್ನೆರಡು ವರ್ಷ ಹಳೆಯದು. ದೊಡ್ಡ ಚೀಲ ಬಂದರೆ ಮಾತಿಲ್ಲದೆ ಬಿಸಾಡುತ್ತದೆ. ಸಣ್ಣವು ಹೋಗುತ್ತವೆ, ಅದಕ್ಕೇ ಹೆಸರುಗಳು ಹೋದವು, ಪಾಠಗಳು ಹೋಗಲಿಲ್ಲ. ಎರಡು ಬದಲಾವಣೆಯನ್ನು ಒಟ್ಟಿಗೇ ಮಾಡಿದ್ದರಿಂದ ಯಾವುದು ಕೆಡಿಸಿತೆಂದು ತಿಳಿಯಲೂ ಇಲ್ಲ.

ಎರಡೂ ಯಂತ್ರಗಳಲ್ಲಿ ಚೀಲದ ಅಳತೆಯನ್ನು ಮೊದಲಿನ ಸಾವಿರದೈನೂರಕ್ಕೆ ಇಳಿಸುತ್ತಾರೆ. ಚೀಟಿಯ ಮಿತಿಯನ್ನು ಮಾತ್ರ ದೊಡ್ಡದಾಗಿಯೇ ಉಳಿಸುತ್ತಾರೆ. ಏಳೂ ಹತ್ತಕ್ಕೆ ಸಾಗಣೆ ಹೊರಡುತ್ತದೆ. ಮೂವತ್ತು. ಎಪ್ಪತ್ತು. ತೊಂಬತ್ತೈದು. ನೂರೆಂಟು. ಅಂಕಿ ಅಲ್ಲಿ ಕಂಬದ ಹಾಗೆ ನಿಲ್ಲುತ್ತದೆ.

ಕೋಣೆಯಿಂದ ಅಕ್ಕನ ಮಾತು ಕೇಳಿಸುತ್ತದೆ. "ಜೀರುಂಡೆ ಬಂತು."

ಎರಡೂವರೆ ನಿಮಿಷದಲ್ಲಿ ಮೇಷ್ಟ್ರ ಕೊನೆಯ ಪಾಠ ಪಡಸಾಲೆಗೆ ಬಂದು ಮುಟ್ಟುತ್ತದೆ. ಚೀಟಿಯಮ್ಮ ಅದನ್ನು ತೆರೆದು ಕೇಳುತ್ತಾರೆ. ಕೆಮ್ಮು, ಕುರ್ಚಿ ಎಳೆದ ಸದ್ದು, ಆಮೇಲೆ ಮೇಷ್ಟ್ರು: "ಎಡಗೈ ಮೇಜಿನ ಮೇಲೆ ಚಾಚು." ಚೀಟಿಯಮ್ಮನ ಎಡಗೈ ತಾನಾಗಿ ಮೇಜಿನ ಮೇಲೆ ಚಾಚಿಕೊಂಡಿದೆ. ಅವರಿಗೆ ಅದು ತಿಳಿದಂತಿಲ್ಲ. ವಾರ್ಡನ್‌ಗೆ ತಾವೇ ಫೋನು ಮಾಡಿ, ನಾಳೆಯ ಬಸ್ಸಿಗೆ ಪ್ಲೇಯರುಗಳನ್ನು ಕಳಿಸಿ, ಲೆಕ್ಕ ತುಂಬಿಕೊಡುತ್ತೇನೆ ಎಂದಷ್ಟೇ ಹೇಳುತ್ತಾರೆ. ಬೆಳಗಿನಿಂದ ಏನಾಯಿತೆಂದು ಹೇಳುವುದಿಲ್ಲ. ವಾರ್ಡನ್ ಆ ಕಡೆಯಿಂದ ಅವಸರದಲ್ಲಿ ಸರಿ ಎನ್ನುತ್ತಾರೆ.

ಉಳಿದ ಹಾದಿ ಕಾಯುವುದು. ಕಾಯುವ ಹೊತ್ತಿನಲ್ಲಿ ಅವರ ದಿನಚರಿ ಒಂದೊಂದಾಗಿ ಹೊರಬರುತ್ತದೆ. ಬೆಳಗಿನ ಐದೂವರೆಯಿಂದ ಏಳೂವರೆ ಓದುವ ಹೊತ್ತು, ಬೀದಿಯಲ್ಲಿ ಗಾಡಿಗಳ ಸದ್ದು ಶುರುವಾಗುವ ಮೊದಲು. ದಿನಕ್ಕೆ ಹದಿನೆಂಟು ಪುಟ. ಫ್ಯಾನು ಹಾಕುವಂತಿಲ್ಲ, ರೆಕಾರ್ಡಿನಲ್ಲಿ ಕೇಳಿಸುತ್ತದೆ. ಬಾಗಿಲಿಗೂ ಕಿಟಕಿಗೂ ಗೋಣಿಚೀಲ ಇಳಿಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಎರಡು ಪುಟಕ್ಕೊಮ್ಮೆ ಹೊರಬಂದು ಉಸಿರಾಡಬೇಕು. ಓದಿದ್ದನ್ನೆಲ್ಲ ಮಧ್ಯಾಹ್ನ ಅಕ್ಕ ಪ್ಲೇಯರಿನಲ್ಲಿ ಕೇಳುತ್ತಾರೆ. ಅವರು ಪಾಸು ಮಾಡದ ಪುಟ ಮಕ್ಕಳಿಗೆ ಹೋಗುವುದಿಲ್ಲ. ನರ್ಸಮ್ಮ ಒಂದು ಸಲ ಆಕಳಿಕೆ ನುಂಗಿ ಓದಿದ್ದನ್ನೂ ಅಕ್ಕ ಹಿಡಿದಿದ್ದಾರೆ. ಇನ್ನೊಬ್ಬರು ಬಾಯಲ್ಲಿ ಲವಂಗ ಇಟ್ಟುಕೊಂಡು ಓದಿದ್ದನ್ನೂ. ಈ ಕಿವಿಗೆ ಸುಳ್ಳು ಹೇಳಲು ಊರಲ್ಲಿ ಯಾರಿಗೂ ಧೈರ್ಯವಿಲ್ಲ ಎಂದು ತಂಗಿ ಹೇಳುತ್ತಾರೆ.

ಎಂಟು, ಒಂಬತ್ತು, ಹತ್ತು. ಪೋಸ್ಟ್‌ಮ್ಯಾನ್ ಓದಿದ ಚರಿತ್ರೆ ದಾಟಿದೆ, ವಿಜ್ಞಾನ ದಾಟಿದೆ, ಕತೆಗಳು ದಾಟುತ್ತಿವೆ. ಅಂಕಿ ನೂರೆಂಟರಿಂದ ಕದಲಿಲ್ಲ. ಪರದೆ ಹತ್ತೂವರೆಗೆ ಎಲ್ಲ ಮುಗಿಯುತ್ತದೆ ಎನ್ನುತ್ತಿದೆ. ಕೋಣೆಯ ತಗಡು ಮುಟ್ಟಲಾರದಷ್ಟು ಬಿಸಿ. ಅಕ್ಕ ಅಂಗೈ ತೆಗೆದು ಬೆರಳ ತುದಿಗಳನ್ನಷ್ಟೇ ಇಟ್ಟಿದ್ದಾರೆ.

ಹತ್ತೂ ಇಪ್ಪತ್ತಕ್ಕೆ ಅವರ ಬೆರಳುಗಳು ಬಿಗಿಯುತ್ತವೆ. ಉಗುರು ಗೀರುವ ಸದ್ದು ಈಗ ಪಡಸಾಲೆಗೂ ಕೇಳಿಸುತ್ತದೆ. ಅಂಕಿ ನೂರೆಂಟರಿಂದ ಅರವತ್ತಕ್ಕೆ, ಅರವತ್ತರಿಂದ ಮೂವತ್ತಕ್ಕೆ ಬೀಳುತ್ತದೆ. ಉಳಿದಿರುವುದು ಅರವತ್ತೆಂಟು ಜಿ.ಬಿ. ಇನ್ನು ಸೆಟ್ಟಿಂಗಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ದಾರಿ ಚೆನ್ನಾಗಿದೆ, ಹೊರುವವನಿಗೆ ಶಕ್ತಿಯಿಲ್ಲ. ಈಗಲೂ ನಿನ್ನದನ್ನು ಮುಂದೆ ಹಾಕುತ್ತೇನೆ, ಕತೆಗಳು ಹಿಂದೆ ಇರಲಿ ಎಂದು ತಂಗಿ ಕೇಳುತ್ತಾರೆ. ಎರಡು ಸಲ ಕೇಳುತ್ತಾರೆ. ಅಕ್ಕ ಬೇಡ ಎನ್ನುತ್ತಾರೆ. ಚೀಟಿಯಮ್ಮನ ಕೈ ಗುಂಡಿಗಳ ಮೇಲೆಯೇ ಇದೆ, ಒತ್ತುವುದಿಲ್ಲ.

ಹತ್ತೂ ನಲವತ್ತೆರಡಕ್ಕೆ ಕೊನೆಯ ಕತೆ ಮುಟ್ಟುತ್ತದೆ. ಪರದೆಯ ಮೇಲೆ 'ಅಕ್ಕಂದು' ಎಂದು ಮೂಡುತ್ತದೆ. ಕೋಣೆಯಲ್ಲಿ ಒಂದು ಟಿಕ್, ಅದರ ಹಿಂದೆಯೇ ಇನ್ನೊಂದು, ಆಮೇಲೆ ಬಳಪ ಮುರಿದಂಥ ಸದ್ದು. ಏರಿಯೇ ಇದ್ದ ಶ್ರುತಿ ನಿಧಾನಕ್ಕೆ ಇಳಿಯುತ್ತದೆ, ಇಳಿದು ಇಳಿದು ನಿಲ್ಲುತ್ತದೆ. ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾದು ಕೈ ತೆಗೆಯುತ್ತಾರೆ.

ಎರಡು ಸಾವಿರದ ಇನ್ನೂರು ಗಂಟೆಗಳಲ್ಲಿ ನಲವತ್ತೊಂದು ಗಂಟೆ ಹೋಯಿತು. ಉಳಿದದ್ದೆಲ್ಲ ಪಡಸಾಲೆಯಲ್ಲಿದೆ. ಪಕ್ಕದ ಮನೆಯಾಕೆಗೆ ಮೋಟಾರು ಹಾಕಿಕೊಳ್ಳಿ ಎಂದು ಚೀಟಿಯಮ್ಮ ಬೇಲಿಯಿಂದಲೇ ಕೂಗಿ ಹೇಳುತ್ತಾರೆ. ಹದಿನೈದು ನಿಮಿಷಕ್ಕೆ ಎಷ್ಟು ನೀರು ಬಂತೋ ಅಷ್ಟು. ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಗುತ್ತದೆ. ಮೋಟಾರು, ಫ್ಯಾನು, ಎದುರುಮನೆಯ ಟೀವಿ, ಎಲ್ಲ ಒಮ್ಮೆಲೇ ನಿಂತು ಬೀದಿ ಖಾಲಿಯಾದ ಹಾಗೆ ಆಗುತ್ತದೆ.

ಇಬ್ಬರೂ ಪಡಸಾಲೆಯ ಜಗಲಿಗೆ ಬಂದು ಕೂರುತ್ತಾರೆ. ನೀರು ಕುಡಿಯುತ್ತಾರೆ. ಪುಸ್ತಕ ಇದೆಯಲ್ಲ, ಮತ್ತೆ ಓದಿಕೊಡುತ್ತೇನೆ ಎನ್ನುತ್ತಾರೆ ತಂಗಿ. ಆದರೆ ಆಗಿನ ದನಿ ಈಗ ಇಲ್ಲ ಎಂದೂ ಅವರೇ ಹೇಳುತ್ತಾರೆ.

"ದನಿಗೇನು, ಇದೇ ಚೆನ್ನಾಗಿದೆ. ಈ ಸಲ ಪೂರ್ತಿ ಓದು. ಆ ಸಲ ಬಾಕಿ ಉಳಿಸಿಕೊಂಡಿದೀಯ."

ತಂಗಿ ಲೋಟ ಕೆಳಗಿಡುತ್ತಾರೆ.

"ಹತ್ತು ಹನ್ನೆರಡು ಪುಟ ಹಾರಿಸಿದೀಯ ನೀನು. ಮದುವೆ ಮಾತುಕತೆ ಆದ ಮೇಲೆ, ದೊಡ್ಡ ಮಗಳ ವಿಷಯ ಬರುತ್ತಲ್ಲ, ಅಲ್ಲಿ."

ಚೀಟಿಯಮ್ಮ ತಕ್ಷಣ ಒಪ್ಪುವುದಿಲ್ಲ. ಯಾರು ಹೇಳಿದರು ಎಂದು ಕೇಳುತ್ತಾರೆ. ಯಾರೂ ಹೇಳಿಲ್ಲ ಎನ್ನುತ್ತಾರೆ ಅಕ್ಕ. ಆ ಪುಟಗಳಲ್ಲಿ ಇರುವುದು ಕಣ್ಣಿಲ್ಲದ ಮಗಳೊಬ್ಬಳು ಮನೆಗೆ ಎಷ್ಟು ಭಾರ ಎಂದು ಅವಳ ಮನೆಯವರೇ ಕೂತು ಆಡುವ ಮಾತು. ಹದಿನಾಲ್ಕು ವರ್ಷದ ಹಿಂದೆ, ಮೈಕಿನ ಮುಂದೆ ಮೊದಲ ಸಲ ಕೂತ ತಂಗಿಗೆ, ಎದುರಿಗೆ ಕೂತ ಅಕ್ಕನಿಗೆ ಅದನ್ನು ಓದಿ ಹೇಳಲು ನಾಲಿಗೆ ಬರಲಿಲ್ಲ. ಹಾಳೆಗಳನ್ನು ಸದ್ದಾಗದಂತೆ ಒಟ್ಟಿಗೇ ಹಿಡಿದು ತಿರುವಿದ್ದರು.

"ಒಂದು ಹಾಳೆ ತಿರುವಿದರೆ ತೆಳ್ಳಗೆ ಕೇಳುತ್ತೆ. ಅವತ್ತು ದಪ್ಪಗೆ ಕೇಳಿಸ್ತು. ರೆಕಾರ್ಡಲ್ಲೂ ಹಾಗೇ ಇತ್ತು. ಅಲ್ಲಿ ಬಂದಾಗೆಲ್ಲ ನಗು ಬರೋದು ನನಗೆ. ಚೀಲ ಎಣಿಸೋಳು ಹಾಳೆ ಕದ್ದಿದಾಳೆ ಅಂತ."

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ನೀನು ಹೆದರಿ ಬಿಟ್ಟಿದ್ದು ನನಗೇನು ಗೊತ್ತಾಗಲ್ವಾ. ಧೈರ್ಯ ಬರಲಿ ಅಂತ ಕಾದೆ. ಹದಿನಾಲ್ಕು ವರ್ಷ ಆಯ್ತು, ಇನ್ನೂ ಚೀಟಿ ಬಂದಿಲ್ಲ."

ಚೀಟಿಯಮ್ಮ ಎದ್ದು ಒಳಗೆ ಹೋಗುತ್ತಾರೆ. ಮುಂದಿನ ಸುಗ್ಗಿಯೊಳಗೆ ಆ ಹಳೆಯ ಪೆಟ್ಟಿಗೆಗೆ ಒಂದು ಡಿಸ್ಕು ಹಾಕಿ, ಹಾಸ್ಟೆಲ್ಲಿನಲ್ಲೂ ಒಂದು ಪ್ರತಿ ಇಡಿಸಬೇಕು ಎಂಬುದು ಅವರ ಆಸೆ. ಬೆಳಗ್ಗೆ ಅದನ್ನು ಎರಡು ಸಲ ಹೇಳಿದ್ದರು. ಈಗ ಅದರ ಮಾತಿಲ್ಲ. ಮಾಡಿನ ಹಲಗೆಯಿಂದ ಬೆನ್ನು ಬಿಟ್ಟುಹೋದ ಪುಸ್ತಕವನ್ನು ಇಳಿಸಿ ತರುತ್ತಾರೆ, ಸೆರಗಿನಿಂದ ಧೂಳು ಒರೆಸುತ್ತಾರೆ. ಸವೆದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಳ್ಳುತ್ತಾರೆ.

ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತಾರೆ.

"ಹಾರಿಸಿದಲ್ಲಿಂದ."

ಕರೆಂಟಿಲ್ಲದ ಬೀದಿಯಲ್ಲಿ ಯಾವ ಸದ್ದೂ ಇಲ್ಲ. ರೆಕಾರ್ಡಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಆದರೆ ರೆಕಾರ್ಡು ಮಾಡಲು ಕರೆಂಟಿಲ್ಲ. ಅಕ್ಕ ಜಗಲಿಯ ಕಂಬಕ್ಕೆ ಒರಗಿ ತಲೆ ಓರೆಮಾಡುತ್ತಾರೆ. ಚೀಟಿಯಮ್ಮ ಆ ಪುಟವನ್ನು ಹುಡುಕಿ, ಒಂದು ಸಲ ಗಂಟಲು ಸರಿಮಾಡಿಕೊಂಡು, ಮನೆಯವರು ಆಡಿದ ಮಾತನ್ನು ಒಂದಕ್ಷರವೂ ಬಿಡದೆ ಓದುತ್ತಾರೆ. ಪುಟ ಮುಗಿಯುತ್ತದೆ. ಬೆರಳು ಒದ್ದೆಮಾಡಿಕೊಂಡು ಹಾಳೆ ತಿರುವುತ್ತಾರೆ.

ತೆಳ್ಳಗೆ, ಒಂದೇ ಹಾಳೆಯ ಸದ್ದು.

"ಹ್ಞೂಂ, ಮುಟ್ಟಿತು. ಮುಂದೆ?" ಎನ್ನುತ್ತಾರೆ ಅಕ್ಕ.